ಪ್ರತಿಕ್ರಿಯೆ: 50 ಹುದ್ದೆ ಹೆಚ್ಚಿದರೂ ಗಸ್ತು ಯಾಕೆ ಹೆಚ್ಚಿಲ್ಲ?

ನಗರದ ಬಜೆಟ್‌ನಲ್ಲಿ 50 ಪೊಲೀಸ್ ಹುದ್ದೆ ಹೆಚ್ಚಿಸಿದರೂ ಬೀದಿಯಲ್ಲಿ ಗಸ್ತು ಕಾಣುತ್ತಿಲ್ಲ, ಓವರ್‌ಟೈಮ್ ಖರ್ಚು ಮಾತ್ರ ಏರುತ್ತಿದೆ, ಯಾಕೆ ಎಂದು ಕೇಳಿದ್ದೀರಿ. ಮೊದಲು ಲೆಕ್ಕ ನೋಡಿ. ಒಂದು ಜಾಗದಲ್ಲಿ ಹಗಲೂ ರಾತ್ರಿ ಒಬ್ಬರು ಇರಬೇಕೆಂದರೆ ವರ್ಷಕ್ಕೆ 8,760 ಗಂಟೆ ಬೇಕು. ವಾರಕ್ಕೆ 40 ಗಂಟೆಯಂತೆ ಒಬ್ಬರಿಗೆ ಸಂಬಳ ಸಿಗುವುದು 2,080 ಗಂಟೆಗೆ. ರಜೆ, ಅನಾರೋಗ್ಯ, ತರಬೇತಿ, ಕೋರ್ಟಿನ ಓಡಾಟಕ್ಕೆ 380 ಗಂಟೆ ಹೋಯಿತೆನ್ನಿ, ಉಳಿದದ್ದು 1,700. ಅಂದರೆ ಒಂದು ಜಾಗಕ್ಕೆ ಐವರು ಸಾಲರು. 50 ಹುದ್ದೆಯೂ ಭರ್ತಿಯಾದರೆ ಯಾವುದೇ ಹೊತ್ತಿನಲ್ಲಿ ಹೆಚ್ಚುವರಿಯಾಗಿ ಸಿಗುವುದು ಒಂಬತ್ತು-ಹತ್ತು ಜನ, ಅಷ್ಟೇ.

ಅದೂ ಭರ್ತಿಯಾದರೆ! ಮಂಜೂರಾದ ಹುದ್ದೆ ಬೇರೆ, ಕೆಲಸಕ್ಕೆ ಬರುವ ಸಿಬ್ಬಂದಿ ಬೇರೆ. ಆಯ್ಕೆ, ವೈದ್ಯಕೀಯ ಪರೀಕ್ಷೆ, ತರಬೇತಿ ಮುಗಿಯುವಷ್ಟರಲ್ಲಿ ಹಲವು ತಿಂಗಳು ಕಳೆಯುತ್ತದೆ. ಅಷ್ಟರಲ್ಲಿ ಹಳಬರು ನಿವೃತ್ತರಾಗುತ್ತಾರೆ. ಖಾಲಿ ಹುದ್ದೆಯ ಸಂಬಳದ ಹಣ ಓವರ್‌ಟೈಮ್‌ಗೆ ಹರಿಯುತ್ತದೆ. ದಣಿದವರು ಕೆಲಸ ಬಿಡುತ್ತಾರೆ, ಓವರ್‌ಟೈಮ್ ಮತ್ತೆ ಏರುತ್ತದೆ. ನನ್ನ ಪ್ರಕಾರ ನಿಜವಾದ ಸಮಸ್ಯೆ ಇದೇ. ಬರೀ ಹುದ್ದೆ ಸೇರಿಸಿದರೆ ಇದು ನಿಲ್ಲುವುದಿಲ್ಲ.

ಬಜೆಟ್ ಸಭೆಯಲ್ಲಿ ಒಟ್ಟು ಮೊತ್ತ ಕೇಳಬೇಡಿ. ಮಂಜೂರು, ಭರ್ತಿ, ಗಸ್ತಿಗೆ ಲಭ್ಯ ಈ ಮೂರು ಸಂಖ್ಯೆಗಳನ್ನು ತಿಂಗಳುವಾರು ಕೇಳಿ. ಓವರ್‌ಟೈಮ್ ಅನ್ನು ರೂಪಾಯಿಯಲ್ಲೋ ಡಾಲರಿನಲ್ಲೋ ಅಲ್ಲ, ಗಂಟೆಯಲ್ಲಿ, ಕಾರಣದ ಸಮೇತ ಕೇಳಿ: ಖಾಲಿ ಪಾಳಿ, ಕೋರ್ಟು, ಮೆರವಣಿಗೆ. ಸಂಬಳ ಏರಿಸಿದರೆ ಅದರ ಜೊತೆ ಪಿಂಚಣಿ ವಂತಿಗೆ ಎಷ್ಟು ಏರುತ್ತದೆ ಎನ್ನುವುದನ್ನೂ ಬರಹದಲ್ಲೇ ಪಡೆಯಿರಿ.