ಓದುಗರ ಪ್ರಶ್ನೆ: ರಾತ್ರಿಯ ಬೆಳಕು, ಕೈಕೊಟ್ಟ ನಿದ್ದೆ

ಪ್ರಶ್ನೆ: ರಾತ್ರಿ ಎಂಟಾದರೆ ಮೊಬೈಲ್ ಪರದೆ ತಾನಾಗಿಯೇ ಹಳದಿಗೆ ತಿರುಗುವಂತೆ ಇಟ್ಟಿದ್ದೇನೆ. ಆದರೂ ಹನ್ನೆರಡಾದರೂ ನಿದ್ದೆ ಹತ್ತುವುದಿಲ್ಲ. ಏಕೆ?

ಉತ್ತರ: ಪರದೆ ಹಳದಿಯಾಯಿತು, ಸರಿ. ತಲೆಯ ಮೇಲೆ ಉರಿಯುವ ಬಿಳಿ ಟ್ಯೂಬ್‌ಲೈಟ್? ಹೊಳಪು ತಗ್ಗಿಸಿದ ಮೊಬೈಲಿಗಿಂತ ಅದೇ ಕಣ್ಣಿಗೆ ಹೆಚ್ಚು ಬೆಳಕು ಸುರಿಯುತ್ತದೆ. ಅಕ್ಷಿಪಟಲದ ಕೆಲವು ಕೋಶಗಳ ಮುಖ್ಯ ಕೆಲಸ ನೋಡುವುದಲ್ಲ, ಹಗಲೋ ಇರುಳೋ ಎಂದು ಮಿದುಳಿಗೆ ತಿಳಿಸುವುದು. ಅವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ ಸುಮಾರು 480 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕಿಗೆ ಬೇಗ ಕೆರಳುತ್ತದೆ. ಆಗ, ಮಲಗುವುದಕ್ಕೆ ಎರಡು ಗಂಟೆ ಮುಂಚೆಯೇ ಏರತೊಡಗಬೇಕಾದ, ಇರುಳಾಯಿತೆಂದು ದೇಹಕ್ಕೆ ಹೇಳುವ ಹಾರ್ಮೋನು ಮೆಲಟೋನಿನ್ ತಡವಾಗುತ್ತದೆ.

ಮಲಗುವ ಮೂರು ಗಂಟೆ ಮೊದಲೇ ಚಾವಣಿಯ ದೀಪ ಆರಿಸಿ, ಕಣ್ಣಿನ ಮಟ್ಟಕ್ಕಿಂತ ಕೆಳಗೆ 2700 ಕೆಲ್ವಿನ್‌ನ ಒಂದು ಹಳದಿ ಛಾಯೆಯ ದೀಪ ಇಟ್ಟುಕೊಳ್ಳಿ. 2022ರಲ್ಲಿ ತಜ್ಞರು ಕೊಟ್ಟ ಮಿತಿ ಹೀಗಿದೆ: ಕಣ್ಣಿಗೆ ಬೀಳುವ ಬೆಳಕು, ಲಕ್ಸ್ ಎಂಬ ಅಳತೆಯಲ್ಲಿ, ಹಗಲಲ್ಲಿ 250 ಲಕ್ಸ್‌ಗಿಂತ ಕಡಿಮೆಯಾಗಬಾರದು, ಸಂಜೆ 10, ನಿದ್ದೆಯಲ್ಲಿ 1 ದಾಟಬಾರದು. ಇವು ಮೆಲನಾಪ್ಸಿನ್ ಲೆಕ್ಕದ ಲಕ್ಸ್, ಅಂದರೆ ಬೆಳಕು ಮೆಲನಾಪ್ಸಿನನ್ನು ಎಷ್ಟು ಕೆರಳಿಸುತ್ತದೆ ಎಂಬುದರ ಅಳತೆ. 2700 ಕೆಲ್ವಿನ್ ಎಲ್‌ಇಡಿಯಲ್ಲಿ ಇದು ಸಾಮಾನ್ಯ ಲಕ್ಸ್ ಮೀಟರ್ ತೋರಿಸುವುದರ ಅರ್ಧಕ್ಕಿಂತ ತುಸು ಕಡಿಮೆ. ಹಾಗಾಗಿ ಮೀಟರಿನಲ್ಲಿ 20 ಬಂದರೂ ಅಡ್ಡಿಯಿಲ್ಲ. 6500 ಕೆಲ್ವಿನ್ ಬಿಳಿ ದೀಪಕ್ಕೆ ಈ ರಿಯಾಯಿತಿ ಇಲ್ಲ. ಅಳೆಯುವಾಗ ಮೀಟರನ್ನು ಮೇಜಿನ ಮೇಲಿಡದೆ ಕಣ್ಣಿನ ಪಕ್ಕ, ನೀವು ನೋಡುವ ದಿಕ್ಕಿಗೇ ಹಿಡಿಯಿರಿ.

ಪ್ರಶ್ನೆ: ಕಾಯಂ ರಾತ್ರಿ ಪಾಳಿ, 10ರಿಂದ 6. ಬೆಳಿಗ್ಗೆ ಎಂಟಕ್ಕೆ ಮಲಗಿದರೆ ಹನ್ನೊಂದಕ್ಕೆ ಎಚ್ಚರವಾಗಿಬಿಡುತ್ತದೆ.

ಉತ್ತರ: ತಪ್ಪು ಹಾಸಿಗೆಯದ್ದಲ್ಲ, ಮನೆಗೆ ಬರುವ ದಾರಿಯ ಬಿಸಿಲಿನದ್ದು. ರಾತ್ರಿ ಮಲಗಿ ಹಗಲು ಏಳುವವರ ಮೈಯ ಉಷ್ಣತೆ ಏಳುವುದಕ್ಕೆ ಸುಮಾರು ಎರಡು ಗಂಟೆ ಮುಂಚೆ, ಅಂದರೆ ನಸುಕಿನ ನಾಲ್ಕು-ಐದರ ಹೊತ್ತಿಗೆ, ತೀರಾ ಕೆಳಗಿಳಿಯುತ್ತದೆ. ಅದಕ್ಕೆ ಮುಂಚೆ ಬಿದ್ದ ಬೆಳಕು ದೇಹದ ಗಡಿಯಾರವನ್ನು ತಡ ಮಾಡುತ್ತದೆ, ಆಮೇಲೆ ಬಿದ್ದದ್ದು ಬೇಗ ಮಾಡುತ್ತದೆ. ನಿಮಗೆ ಬೇಕಿರುವುದು ತಡವಾಗುವುದು. ರಾತ್ರಿಯೆಲ್ಲ ದೀಪದಡಿ ಕೂತು ಗಳಿಸಿದ್ದನ್ನು ಬೆಳಗಿನ ಅರ್ಧ ಗಂಟೆಯ ಬಿಸಿಲು ಕಸಿದುಕೊಳ್ಳುತ್ತದೆ.

ಪಾಳಿ ಶುರುವಾದಾಗಿನಿಂದ ಮೂರರವರೆಗೆ ಪ್ರಖರ ದೀಪದ ಕೆಳಗೇ ಇರಿ. ನಾಲ್ಕರ ನಂತರ, ಕೆಲಸಕ್ಕೆ ತೊಂದರೆಯಿಲ್ಲದಿದ್ದರೆ, ಬೆಳಕು ತಗ್ಗಿಸಿ. ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿ. ಆದರೆ ಗಾಡಿ ಓಡಿಸುವವರು ನೀವೇ ಆದರೆ ಬೇಡವೇ ಬೇಡ, ತೂಕಡಿಕೆ ಮೊದಲೇ ಇರುತ್ತದೆ. ಕಾಫಿ ರಾತ್ರಿ ಎರಡು ಗಂಟೆಗೆ ಮುಗಿಯಲಿ. ಕುಡಿದ ಕೆಫೀನಿನ ಅರ್ಧದಷ್ಟು ಐದಾರು ಗಂಟೆಯ ಮೇಲೂ ರಕ್ತದಲ್ಲಿರುತ್ತದೆ. ಕೋಣೆಯ ಬಾಗಿಲು ಹಾಕಿ ಕೈ ಚಾಚಿ ನೋಡಿ, ಬೆರಳು ಕಂಡರೆ ಕಿಟಕಿಯ ಪರದೆ ಸಾಲದು. ಸಾಮಾನ್ಯವಾಗಿ ಬೆಳಕು ನುಗ್ಗುವುದು ಪರದೆಯ ಬಟ್ಟೆಯಿಂದಲ್ಲ, ಮೇಲಿನ ಮತ್ತು ಪಕ್ಕದ ಸಂದಿನಿಂದ.

ಎಲ್ಲರೂ ಎಡವುವುದು ರಜೆಯ ದಿನ. ಅಂದು ರಾತ್ರಿ ಹತ್ತಕ್ಕೇ ಮಲಗಿದರೆ ವಾರದ ಶ್ರಮವೆಲ್ಲ ನೀರುಪಾಲು. ನಸುಕಿನ ಮೂರರಿಂದ ಮಧ್ಯಾಹ್ನ ಹನ್ನೆರಡರವರೆಗೆ ಮಲಗುವುದು ಎರಡೂ ಕಡೆಗೆ ಹೊಂದುವ ರಾಜಿ. ಎರಡು-ಮೂರು ದಿನಕ್ಕೊಮ್ಮೆ ಪಾಳಿ ಬದಲಾಗುವವರು ಇದಕ್ಕೆ ಕೈಹಾಕಬೇಡಿ. ಗಡಿಯಾರ ದಿನಕ್ಕೆ ಒಂದೆರಡು ಗಂಟೆಗಿಂತ ಹೆಚ್ಚು ಜರುಗುವುದಿಲ್ಲ.

ಪ್ರಶ್ನೆ: ರಾತ್ರಿ ಪಾಳಿಯಿಂದ ಕ್ಯಾನ್ಸರ್ ಬರುತ್ತದೆ ಎನ್ನುವುದು ನಿಜವೇ?

ಉತ್ತರ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ, ಮತ್ತೆ 2019ರಲ್ಲಿ, ಇದನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿದೆ. ಈ ಗುಂಪು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ಎಂಬುದನ್ನಲ್ಲ.

ಪ್ರಶ್ನೆ: ವಯಸ್ಸಾದ ಅಮ್ಮ ರಾತ್ರಿ ಎರಡು ಸಲ ಏಳುತ್ತಾರೆ. ಹಾಗಾಗಿ ಕೋಣೆಯ ದೀಪ ಆರಿಸುವುದೇ ಇಲ್ಲ. ತೊಂದರೆಯೇ?

ಉತ್ತರ: ಹೌದು. ಒಂದೇ ರಾತ್ರಿ 100 ಲಕ್ಸ್ ಬೆಳಕಿನಲ್ಲಿ ಮಲಗಿದ ಆರೋಗ್ಯವಂತ ಯುವಜನರಲ್ಲೂ ಎದೆಬಡಿತ ಹೆಚ್ಚಿ, ಬೆಳಿಗ್ಗೆ ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಏರಿದ್ದು 2022ರ ಅಧ್ಯಯನವೊಂದರಲ್ಲಿ ಕಂಡಿತು. ಮುಚ್ಚಿದ ರೆಪ್ಪೆ ಬೆಳಕನ್ನು ಪೂರ್ತಿ ತಡೆಯುವುದಿಲ್ಲ. ಹಾಗೆಂದು ಪೂರಾ ಕತ್ತಲು ಮಾಡಿ ಅವರು ಬಿದ್ದರೆ ಅದು ಇನ್ನೂ ದೊಡ್ಡ ಅನಾಹುತ. ನೆಲಕ್ಕೆ ಮುಖ ಮಾಡಿದ ಕೆಂಪು ಅಥವಾ ಕಿತ್ತಳೆ ಬಣ್ಣದ ಸಣ್ಣ ಸೆನ್ಸರ್ ದೀಪ ಹಾಕಿ. ಎತ್ತರದಲ್ಲಿಟ್ಟರೆ ಮಗ್ಗುಲು ಬದಲಿಸಿದಾಗಲೆಲ್ಲ ಹೊತ್ತಿಕೊಳ್ಳುತ್ತದೆ. ಮಂಚದ ಮಟ್ಟಕ್ಕಿಂತ ಕೆಳಗೆ, ಗೋಡೆಯ ಬುಡದಲ್ಲಿ ಕೂರಿಸಿದರೆ ಕಾಲು ನೆಲಕ್ಕಿಟ್ಟಾಗ ಮಾತ್ರ ಹೊತ್ತುತ್ತದೆ.