ಓದುಗರ ಪ್ರಶ್ನೆ, ರಂಗದ ಉತ್ತರ: ಗ್ಯಾಂಗ್‌ಸ್ಟರ್ ನಾಟಕ ಆಡುವ ಮೊದಲು

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಗ್ಯಾದರಿಂಗ್‌ಗೆ (ವಾರ್ಷಿಕೋತ್ಸವಕ್ಕೆ) ಅಮೆರಿಕದ ಗ್ಯಾಂಗ್‌ಸ್ಟರ್ ಕಥೆಯ ಸಂಗೀತ ನಾಟಕವೊಂದನ್ನು ಕನ್ನಡದಲ್ಲಿ ಆಡಿಸುವ ಯೋಚನೆ ಇದೆ. ಶಾಲೆಯವರು ಆಡಿದರೆ ಪರವಾನಗಿ ಬೇಡ ಅನ್ನುತ್ತಾರೆ. ಹೌದೇ? (ಶಿಕ್ಷಕಿ, ಕಾರವಾರ)

ಉತ್ತರ: ಅರ್ಧ ಹೌದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಶಾಲೆಗೊಂದು ವಿನಾಯಿತಿ ಇದೆ. ಶಾಲೆಯ ಚಟುವಟಿಕೆಯ ಭಾಗವಾಗಿ ಶಿಕ್ಷಕರು, ವಿದ್ಯಾರ್ಥಿಗಳೇ ನಾಟಕ ಆಡಬೇಕು. ನೋಡುವವರೂ ಮಕ್ಕಳು, ಶಿಕ್ಷಕರು, ಪಾಲಕರು, ಶಾಲೆಗೆ ಸಂಬಂಧಪಟ್ಟವರು ಇಷ್ಟೇ ಇದ್ದರೆ ನಿಶ್ಚಿಂತೆ. ಅದೇ ನಾಟಕವನ್ನು ರಂಗಮಂದಿರಕ್ಕೆ ಒಯ್ದು ಊರವರಿಗೆಲ್ಲ ಟಿಕೆಟ್ ಮಾರಿದರೆ ಈ ವಿನಾಯಿತಿಯನ್ನು ನೆಚ್ಚಿಕೊಳ್ಳಬೇಡಿ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ವಿನಾಯಿತಿ ಇರುವುದು ಆಡುವುದಕ್ಕೆ. ಕನ್ನಡಕ್ಕೆ ತರುವುದು, ಕಥೆಯನ್ನು ಒಗ್ಗಿಸಿಕೊಳ್ಳುವುದು ಬೇರೆ ಹಕ್ಕುಗಳು, ಅದಕ್ಕೆ ಬರಹದಲ್ಲಿ ಒಪ್ಪಿಗೆ ಬೇಕು. ಸ್ವರಲಿಪಿ ಪುಸ್ತಕವನ್ನು ಜೆರಾಕ್ಸ್ ಮಾಡಿ ಹಂಚುವುದೂ ಈ ವಿನಾಯಿತಿಯೊಳಗೆ ಬರುವುದಿಲ್ಲ.

ಇಂಗ್ಲಿಷಿನಲ್ಲೇ ಆಡುವುದಾದರೆ ದಾರಿ ಸುಲಭ. ಉದಾಹರಣೆಗೆ 1950ರ ‘ಗೈಸ್ ಆ್ಯಂಡ್ ಡಾಲ್ಸ್’. ಅದರ ಹಕ್ಕು ಕೊಡುವುದು ನ್ಯೂಯಾರ್ಕಿನ ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್. ಎಳೆಯರಿಗೆಂದೇ ಚಿಕ್ಕದು ಮಾಡಿದ ‘ಜೂನಿಯರ್’ ಆವೃತ್ತಿಯೂ ಅವರಲ್ಲಿದೆ. ಕಥೆಯಲ್ಲಿರುವವರು ಜೂಜುಕೋರರು, ಹಾಗಾಗಿ ಬಂದೂಕಿನ ತಲೆನೋವು ಕಡಿಮೆ. ಶಾಲೆಗೆ ಅದೇ ದೊಡ್ಡ ಲಾಭ. ಅರ್ಜಿಯಲ್ಲಿ ಪ್ರದರ್ಶನದ ದಿನಾಂಕ, ಎಷ್ಟು ಆಟ, ಎಷ್ಟು ಕುರ್ಚಿ, ಟಿಕೆಟ್ ದರ ಎಲ್ಲ ಕೇಳುತ್ತಾರೆ. ಶುಲ್ಕ ನಿಂತಿರುವುದು ಇವುಗಳ ಮೇಲೆಯೇ. ಪರವಾನಗಿ ಕೈಗೆ ಬರುವ ಮೊದಲು ಪಾತ್ರ ಹಂಚಬೇಡಿ, ಪೋಸ್ಟರ್ ಅಚ್ಚು ಹಾಕಿಸಬೇಡಿ. ಹಣ ಹೊರದೇಶಕ್ಕೆ ಹೋಗುವುದರಿಂದ ಬ್ಯಾಂಕಿನವರು ಎ-2 ಫಾರ್ಮ್ ತುಂಬಿಸುತ್ತಾರೆ. ರಾಯಲ್ಟಿಗೆ ತೆರಿಗೆ ಕಡಿತದ ಪ್ರಶ್ನೆಯೂ ಬರುತ್ತದೆ, ಶಾಲೆಯ ಲೆಕ್ಕ ನೋಡುವ ಸಿಎ ಅವರನ್ನು ಮೊದಲೇ ಕೇಳಿ. ಡಿಸೆಂಬರ್ ಗ್ಯಾದರಿಂಗ್‌ಗೆ ಜೂನ್‌ನಲ್ಲೇ ಬರೆದರೆ ಒಳ್ಳೆಯದು.

ಪರವಾನಗಿ ಸಿಕ್ಕಿತೆಂದು ಮಾತು ಬದಲಿಸುವ, ಹಾಡು ಬಿಡುವ, ಹುಡುಗನ ಪಾತ್ರವನ್ನು ಹುಡುಗಿಯ ಪಾತ್ರವಾಗಿ ತಿದ್ದುವ ಸ್ವಾತಂತ್ರ್ಯ ಸಿಗುವುದಿಲ್ಲ. ಪ್ರತಿಯೊಂದಕ್ಕೂ ಬರೆದು ಕೇಳಬೇಕು. ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುವುದಕ್ಕೂ ಬೇರೆಯೇ ಅನುಮತಿ. ಪಾಲಕರ ಮೊಬೈಲುಗಳ ಬಗ್ಗೆ ಪರದೆ ಏಳುವ ಮುಂಚೆ ಮೈಕಿನಲ್ಲಿ ಹೇಳಿಬಿಡಿ.

ಪ್ರಶ್ನೆ: ನಮ್ಮದು ಹವ್ಯಾಸಿ ತಂಡ. ಟಿಕೆಟ್ ಇಲ್ಲ, ದೇಣಿಗೆ ಮಾತ್ರ. ನಮಗೂ ಈ ರಗಳೆ ಉಂಟೇ? (ಶಿರಸಿ)

ಉತ್ತರ: ಹಣ ಕೊಡದ ಪ್ರೇಕ್ಷಕರೆದುರು, ಅಥವಾ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥ ಹವ್ಯಾಸಿ ಸಂಘ ಆಡುವ ನಾಟಕಕ್ಕೂ ಅದೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ನೂರು ರೂಪಾಯಿ ‘ದೇಣಿಗೆ’ ಕೊಟ್ಟವರನ್ನಷ್ಟೇ ಒಳಗೆ ಬಿಟ್ಟರೆ ಅದು ಟಿಕೆಟ್ಟೇ. ಬಾಗಿಲಲ್ಲಿ ಹುಂಡಿ ಇಡಿ, ಹಾಕಿದವರು ಹಾಕಲಿ, ಹಾಕದವರೂ ಕೂರಲಿ.

ನಮ್ಮನ್ನು ಕೇಳಿದರೆ, ಕಥೆಯನ್ನು ನೀವೇ ಬರೆಯಿರಿ. ಗ್ಯಾಂಗ್‌ಸ್ಟರ್ ಎಂಬ ವಸ್ತು ಯಾರ ಸೊತ್ತೂ ಅಲ್ಲ. ಎರಡು ಗುಂಪು, ಒಬ್ಬ ದಡ್ಡ ಪೊಲೀಸ್, ಕೈ ಬದಲಿಸುವ ಮಾಲು, ಇಷ್ಟಕ್ಕೆ ಹಕ್ಕುದಾರರಿಲ್ಲ. ಅಮೆರಿಕದ ಕಥೆಗಳಿಗೆ ಬೆನ್ನೆಲುಬಾಗಿದ್ದು 1920ರಿಂದ 1933ರವರೆಗಿನ ಪಾನನಿಷೇಧ. ಇಲ್ಲಿ ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ದಾಟುವ ಬಾಟಲಿಗಳನ್ನು ತಂದರೆ ನಗು ಗ್ಯಾರಂಟಿ, ಆದರೆ ಮಕ್ಕಳ ಕೈಗೆ ಅದು ಬೇಡ. ಶಿರಸಿಗೆ ಅಪ್ಪೆಮಿಡಿ ಕಳ್ಳರಿಗಿಂತ ಒಳ್ಳೆಯ ಗ್ಯಾಂಗ್ ಎಲ್ಲಿ ಸಿಗುತ್ತದೆ? ಹೊಳೆಬದಿಯ ಒಂದೇ ಮರಕ್ಕೆ ಎರಡು ಗುಂಪು ಹೊಂಚು ಹಾಕಿದರೆ ಒಂದು ಅಂಕ ಮುಗಿಯಿತು.

ಹಳೆಯ ಮಾದರಿ ಬೇಕಿದ್ದರೆ ಜಾನ್ ಗೇ 1728ರಲ್ಲಿ ಆಡಿಸಿದ ‘ದಿ ಬೆಗರ್ಸ್ ಆಪೆರಾ’ ಇದೆ. ಕಳ್ಳರು, ದರೋಡೆಕೋರರ ಕಥೆ; ಆಗ ಜನರ ಬಾಯಲ್ಲಿದ್ದ ಮಟ್ಟುಗಳಿಗೆ ಹೊಸ ಸಾಹಿತ್ಯ ಹೊಂದಿಸಿದ್ದು. ಮೂಲಕ್ಕೆ ಈಗ ಕೃತಿಸ್ವಾಮ್ಯವಿಲ್ಲ. ನಮ್ಮಲ್ಲಿ ಲೇಖಕರು ತೀರಿದ ವರ್ಷದ ನಂತರ 60 ವರ್ಷ ಹಕ್ಕು ಇರುತ್ತದೆ. ಕಾರವಾರದ ಕಡಲ ಬದಿಯಲ್ಲಿ ನಾಟಕ ಬರೆದ ರವೀಂದ್ರನಾಥ ಟಾಗೋರರು 1941ರಲ್ಲಿ ತೀರಿಕೊಂಡರು, ಅವರ ಕೃತಿಗಳ ಹಕ್ಕು 2001ರ ಕೊನೆಗೆ ಮುಗಿಯಿತು. ಆದರೆ ಅನುವಾದಕರ ಹಕ್ಕನ್ನು ಬೇರೆಯಾಗಿ ಎಣಿಸಬೇಕು. ಸಿನಿಮಾ ಹಾಡಿನ ಮಟ್ಟಿಗೆ ಸಾಹಿತ್ಯ ಕಟ್ಟುವ ನಮ್ಮ ಹಳೆಯ ಚಾಳಿಯನ್ನು ಇಲ್ಲಿ ಬಿಡಿ.

ಪ್ರಶ್ನೆ: ಗುಂಡಿನ ಸದ್ದು, ಬಂದೂಕು, ಮುಖಕ್ಕೆ ಕ್ರೀಮ್ ಎರಚುವ ಹೊಡೆದಾಟ, ಇವನ್ನು ಹೇಗೆ ಮಾಡುವುದು? (ಅಂಕೋಲಾ)

ಉತ್ತರ: ಪೊಟಾಸ್ ಪಿಸ್ತೂಲು ಬೇಡ. ಕರಾವಳಿಯ ಹವೆಗೆ ಕಾಗದದ ರೋಲ್ ತೇವ ಎಳೆದು ಬೇಕಾದಾಗಲೇ ಠುಸ್ ಅನ್ನುತ್ತದೆ. ಕಿವಿಯ ಹತ್ತಿರ ಸಿಡಿದರೆ ಅಪಾಯ ಬೇರೆ. 45 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ ಎರಡು ತೆಳು ಹಲಗೆ ತೆಗೆದುಕೊಂಡು ಒಂದು ತುದಿಗೆ ಬಾಗಿಲಿನ ತಿರುಗಣಿ ಹೊಡೆಯಿರಿ. ಪರದೆ ಬದಿಯಲ್ಲಿ ನಿಂತವರು ನಟನ ಕೈ ನೋಡಿ ಫಟ್ಟನೆ ಮುಚ್ಚಲಿ. ರೆಕಾರ್ಡ್ ಮಾಡಿದ ಸದ್ದು ಬಂದೂಕಿಗಿಂತ ಅರ್ಧ ಕ್ಷಣ ತಡವಾಗಿ ಬಂದು ಸಭೆ ನಗುತ್ತದೆ, ಹಲಗೆಯಲ್ಲಿ ಆ ತೊಂದರೆ ಇಲ್ಲ. ಮಷಿನ್‌ಗನ್ನಿಗೆ ಚಂಡೆಯವರಿದ್ದರೆ ಮತ್ತೇನೂ ಬೇಡ.

ಬಂದೂಕಿಗೆ ಬಟ್ಟೆ ಅಂಗಡಿಯ ಗಟ್ಟಿ ರಟ್ಟಿನ ಕೊಳವೆ ಸಾಕು. ಅದರಡಿ ದುಂಡು ಮ್ಯಾಗಜಿನ್‌ಗೆ ಎರಡು ಕಾಗದದ ತಟ್ಟೆಗಳನ್ನು ಬಾಯಿಗೆ ಬಾಯಿ ಅಂಟಿಸಿ. ಸಮ ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಎರಡು ಪದರ ಪೇಪರ್ ಹಚ್ಚಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಬಣ್ಣ ಹೊಡೆಯದಿದ್ದರೆ ವಾರದಲ್ಲಿ ರಟ್ಟು ಮೆತ್ತಗಾಗುತ್ತದೆ. ಸಾಗಿಸುವಾಗ ಚೀಲದೊಳಗಿರಲಿ. ಧ್ವನಿವರ್ಧಕದ ಅನುಮತಿಗೆ ಪೊಲೀಸ್ ಠಾಣೆಗೆ ಕೊಡುವ ಅರ್ಜಿಯಲ್ಲೇ ನಕಲಿ ಬಂದೂಕಿನ ಸಂಗತಿಯನ್ನೂ ಬರೆದುಬಿಡಿ.

ಕ್ರೀಮಿನದು ನಿಜವಾದ ರಗಳೆ. ಹಾಲಿನ ಕ್ರೀಮ್ ಸೆಕೆಗೆ ಕರಗಿ ಹುಳಿ ವಾಸನೆ ಹೊಡೆಯುತ್ತದೆ. ಮೈದಾ ಕಲಸಿದರೆ ಕೂದಲಿಗೆ ಹಿಡಿದು ಬಿಡುವುದಿಲ್ಲ. ಹುಟ್ಟುಹಬ್ಬದ ಸ್ನೋ ಸ್ಪ್ರೇಗಳಲ್ಲಿ ಬೆಂಕಿ ಹಿಡಿಯುವ ಅನಿಲ ಇರುವುದುಂಟು, ಬಿಸಿ ದೀಪಗಳ ಹತ್ತಿರ ತರಲೇಬಾರದು. ವಾಸನೆಯಿಲ್ಲದ ಶೇವಿಂಗ್ ಫೋಮನ್ನು ಕಾಗದದ ತಟ್ಟೆಗೆ ಹಿಂಡಿ ಎದೆಗೆ, ಭುಜಕ್ಕೆ ಒತ್ತಿ. ಕಣ್ಣು ಉರಿಯುವುದರಿಂದ ಮುಖಕ್ಕೆ ಬೇಡ. ಕೆಳಗೆ ತಾಡಪತ್ರಿ ಹಾಸಿದರೆ ಫೋಮ್ ಬಿದ್ದೊಡನೆ ಮಕ್ಕಳು ಜಾರುತ್ತಾರೆ. ಹತ್ತಿಯ ಜಮಖಾನ ಹಾಸಿ ಅಂಚಿಗೆ ಟೇಪು ಹೊಡೆಯಿರಿ. ಈ ದೃಶ್ಯವನ್ನು ಕೊನೆಗೇ ಇಟ್ಟರೆ ಮಧ್ಯೆ ಒರೆಸುವ ಪ್ರಸಂಗ ಬರುವುದಿಲ್ಲ.

ಪ್ರಶ್ನೆ: ಟೊಪ್ಪಿ, ಕೋಟು, ಕಾಲರ್ ಮೈಕು ಬಾಡಿಗೆಗೆ ತರಬೇಕೇ? (ಕುಮಟಾ)

ಉತ್ತರ: ಟೊಪ್ಪಿ ತನ್ನಿ, ಆದರೆ ಅದರ ಅಂಚಿನ ನೆರಳು ಕಣ್ಣನ್ನೇ ನುಂಗುತ್ತದೆ. ಎರಡು ಬೆರಳಷ್ಟು ಹಿಂದಕ್ಕೆ ಸರಿಸಿ ಪಿನ್ನು ಚುಚ್ಚಿ, ಮುಂದಿನ ದೀಪಗಳನ್ನು ಕೆಳಗಿಳಿಸಿ. ಪೂರ್ತಿ ಕೋಟಿನಲ್ಲಿ ಕುಣಿದರೆ ಮಕ್ಕಳು ಬೆವರಿ ಬಸವಳಿಯುತ್ತಾರೆ, ತೋಳಿಲ್ಲದ ಜಾಕೀಟಿಗೆ ಅಗಲ ಕಾಲರ್ ಹೊಲಿಸಿದರೆ ದೂರಕ್ಕೆ ಕೋಟೇ. ಆ ಬೆವರಿಗೆ ಕಾಲರ್ ಮೈಕು ಕೈಕೊಡುತ್ತದೆ. ವೇದಿಕೆಯ ಅಂಚಿಗೆ ಮೂರು ಮೈಕು ಇಟ್ಟು, ಸ್ಪೀಕರುಗಳು ಅವುಗಳಿಗಿಂತ ಮುಂದೆ, ಸಭೆಯ ಕಡೆ ಮುಖ ಮಾಡಿರಲಿ. ಹಿಂದಿಟ್ಟರೆ ಕೂಗು ಹೊಡೆಯುತ್ತದೆ. ಸಾಧ್ಯವಿದ್ದರೆ ಟ್ರ್ಯಾಕ್ ಬಿಟ್ಟು ಹಾರ್ಮೋನಿಯಂ, ತಬಲಾ ಕೂರಿಸಿ. ಮಗು ಸಾಲು ಮರೆತರೆ ಅವರು ಕಾಯುತ್ತಾರೆ, ಒಡೆಯುವ ದನಿಯ ಹುಡುಗನಿಗೆ ಶ್ರುತಿಯನ್ನೂ ಇಳಿಸಿಕೊಡುತ್ತಾರೆ. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ, ಆದ್ದರಿಂದ ಬಹುಮಾನ ವಿತರಣೆಗಿಂತ ಮೊದಲೇ ನಾಟಕ ಶುರುಮಾಡಿ.