ಓದುಗರ ಪ್ರಶ್ನೆ: ತಿಂಗಳುಗಟ್ಟಲೆ ಬೀಗ ಬೀಳುವ ಮನೆ

ಪ್ರಶ್ನೆ: ನಾವಿಬ್ಬರೂ ನಿವೃತ್ತರು, ತಿರುಗಾಟ ಅಂದರೆ ಪ್ರಾಣ. ವರ್ಷಕ್ಕೆರಡು ಸಲ ಒಂದೂವರೆ ತಿಂಗಳು ಮನೆಗೆ ಬೀಗ. ವಾಪಸ್ ಬಂದರೆ ಬಚ್ಚಲಲ್ಲಿ ಗಬ್ಬುವಾಸನೆ, ಜಿರಳೆ, ಫ್ರಿಜ್ಜಿನಲ್ಲಿ ಬೂಷ್ಟು, ಇನ್ವರ್ಟರ್ ಕೈಕೊಟ್ಟಿರುತ್ತದೆ. ಮನೆ ಬಾಡಿಗೆಗೆ ಕೊಟ್ಟುಬಿಡಿ ಅಂತಾನೆ ಮಗ. ಏನು ಮಾಡೋಣ?
— ವಿದ್ಯಾನಗರ, ದಾವಣಗೆರೆ

ಉತ್ತರ: ಬಾಡಿಗೆಗೆ ಕೊಡಬೇಡಿ. ಬಂದಿಳಿದ ರಾತ್ರಿ ನಿಮ್ಮ ಮಂಚದಲ್ಲೇ ಮಲಗುವ ನೆಮ್ಮದಿ ಇದ್ದರೇ ಮುಂದಿನ ಊರಿಗೆ ಮನಸ್ಸು ಏಳುವುದು. ನೀವು ಹೇಳಿದ ತೊಂದರೆಗಳಿಗೆಲ್ಲ ಹೊರಡುವ ಮುನ್ನ ಅರ್ಧ ದಿನದ ಕೆಲಸ ಸಾಕು.

ವಾಸನೆಗೂ ಜಿರಳೆಗೂ ಮೂಲ ಒಂದೇ. ಬಚ್ಚಲ ಜಾಲರಿಯ ಕೆಳಗಿನ ಟ್ರ್ಯಾಪಿನಲ್ಲಿ ಒಂದೆರಡು ಇಂಚು ನೀರು ನಿಂತು ಚರಂಡಿಯ ಗಾಳಿಯನ್ನು ತಡೆದಿರುತ್ತದೆ. ನಮ್ಮ ಕಡೆಯ ಬಿಸಿಲಿಗೆ ಅದು ಕೆಲವೇ ವಾರಗಳಲ್ಲಿ ಆರಿಹೋಗುತ್ತದೆ. ಪ್ರತಿ ಜಾಲರಿಗೂ ಒಂದು ಚೊಂಬು ನೀರು ಹುಯ್ದು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆಯ ಪದರ ಇದ್ದರೆ ನೀರು ಬೇಗ ಆರುವುದಿಲ್ಲ. ಸಿಂಕಿಗೂ ಹೀಗೇ ಮಾಡಿ.

ಫ್ರಿಜ್ ಹಿಂದಿನ ರಾತ್ರಿಯೇ ಖಾಲಿ ಮಾಡಿ ಆಫ್ ಮಾಡಿ. ಐಸ್ ಕರಗಿದ ಮೇಲೆ ಬಾಗಿಲ ರಬ್ಬರಿನ ಮಡಿಕೆಗಳನ್ನೂ ಬಿಡಿಸಿ ಒಣಬಟ್ಟೆಯಲ್ಲಿ ಒರೆಸಿ, ತೇವ ಉಳಿಯುವುದು ಅಲ್ಲೇ. ಮಡಿಚಿದ ಟವೆಲ್ ಸಿಕ್ಕಿಸಿ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದಿಡಿ.

ಇನ್ವರ್ಟರ್ ಹಾಗೇ ಬಿಟ್ಟು ಮೇನ್ ಸ್ವಿಚ್ ಮಾತ್ರ ಆರಿಸಿದರೆ, ಕರೆಂಟ್ ಹೋಯಿತೆಂದು ಅದು ಬ್ಯಾಟರಿಯನ್ನು ಹೀರಲು ಶುರುಮಾಡುತ್ತದೆ. ಬರಿದಾದ ಬ್ಯಾಟರಿ ವಾರಗಟ್ಟಲೆ ಬಿದ್ದಿದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಮತ್ತೆ ಸರಿಯಾಗಿ ಚಾರ್ಜ್ ಹಿಡಿಯದು. ಡಿಸ್ಟಿಲ್ಡ್ ವಾಟರ್ ಗುರುತಿನವರೆಗೆ ತುಂಬಿ, ಪೂರ್ತಿ ಚಾರ್ಜ್ ಮಾಡಿ, ಇನ್ವರ್ಟರ್ ಆಫ್ ಮಾಡಿ; ಆಮೇಲೆ ಎಲೆಕ್ಟ್ರಿಷಿಯನ್ ಕೈಲಿ ನೆಗೆಟಿವ್ ವೈರ್ ಬಿಚ್ಚಿಸಿ.

ಗ್ಯಾಸ್ ರೆಗ್ಯುಲೇಟರ್ ತೆಗೆದು ಸಿಲಿಂಡರಿಗೆ ಮುಚ್ಚಳ ಹಾಕಿ. ಟ್ಯಾಂಕಿನ ಗೇಟ್‌ವಾಲ್ವ್ ಮುಚ್ಚಿ. ಸಂಪಿನ ಮುಚ್ಚಳದಲ್ಲಿ ಸಂದಿ ಬೇಡ, ಮೊಟ್ಟೆ ಸೊಳ್ಳೆಯಾಗಿ ಹಾರಲು ಹತ್ತು ದಿನ ಸಾಕು. ಬೆಸ್ಕಾಂ ಬಿಲ್ಲಿಗೆ ಮುಂಗಡ ಕಟ್ಟಿ, ಹಾಲು-ಪೇಪರ್ ನಿಲ್ಲಿಸಿ, ಠಾಣೆಗೂ ತಿಳಿಸಿ.

ಎಲ್ಲಕ್ಕಿಂತ ಮುಖ್ಯ, ಒಂದು ಕೀಲಿ ಪಕ್ಕದ ಮನೆಯವರ ಹತ್ತಿರ ಇರಲಿ. ವಾರಕ್ಕೊಮ್ಮೆ ಯಾರಾದರೂ ಬಂದು ಕಿಟಕಿ ತೆರೆದು, ಬಚ್ಚಲಿಗೆ ನೀರು ಹುಯ್ದರೆ ಎಣ್ಣೆಯೂ ಬೇಡ. ಅಂಗಳ ಮಾತ್ರ ಇನ್ನೂ ಬೇಗ ಬೇಗ ಗುಡಿಸಬೇಕು: ಆಷಾಢದ ಗಾಳಿಗೆ ಎರಡೇ ದಿನದಲ್ಲಿ ಹೊಸ್ತಿಲ ತುಂಬ ಧೂಳು, ಕಳ್ಳರು ಮೊದಲು ನೋಡುವುದೇ ಅದನ್ನು.

ಪ್ರಶ್ನೆ: ಊರಿಗೆ ಹೋಗಿ ಬರುವಷ್ಟರಲ್ಲಿ ಕುಂಡದ ತುಳಸಿ ಒಣಗಿರುತ್ತದೆ. ಉಪಾಯ ಹೇಳಿ.
— ಚಿತ್ರದುರ್ಗ

ಉತ್ತರ: ಹಳೇ ಹತ್ತಿ ಪಂಚೆಯ ಪಟ್ಟಿಯನ್ನು ಹೊಸೆದು ನೀರಲ್ಲಿ ನೆನೆಸಿ. ಒಂದು ತುದಿ ಮಣ್ಣಿನಲ್ಲಿ ನಾಲ್ಕು ಇಂಚು ಆಳಕ್ಕೆ, ಇನ್ನೊಂದು ಮುಚ್ಚಿದ ಬಕೆಟ್ಟಿನ ತಳಕ್ಕೆ. ಬಕೆಟ್ ಕುಂಡಕ್ಕಿಂತ ಕೆಳಗಿದ್ದರೆ ನೀರು ಸಾಕಷ್ಟು ಏರದು, ಇಟ್ಟಿಗೆ ಕೊಟ್ಟು ಎತ್ತರಿಸಿ. ನಾಲ್ಕು ದಿನ ಮುಂಚೆಯೇ ಕಟ್ಟಿ ನೋಡಿ; ನೀರು ಬೇಗ ಇಳಿದರೆ ಪಟ್ಟಿಯನ್ನು ತೆಳ್ಳಗೆ ಮಾಡಿ. ಇದು ಹತ್ತು ದಿನದ ವ್ಯವಸ್ಥೆ. ಅದಕ್ಕೂ ಹೆಚ್ಚು ದಿನವಾದರೆ ಕುಂಡವನ್ನು ಪಕ್ಕದ ಮನೆಗೆ ಒಪ್ಪಿಸಿ ಹೋಗಿ, ಒಣಗಿದ ತೆನೆಯಿಂದ ಒಂದಿಷ್ಟು ಬೀಜವನ್ನೂ ಉದುರಿಸಿ ತೆಗೆದಿಟ್ಟುಕೊಳ್ಳಿ.